ಮಹಾಮಾರಿಯೂ ನಾಣ್ಯದ ವಿನಿಮಯ ದರವೂ: ಶ್ರೀಲಂಕೆಯ ರೂಪಾಯಿಯನ್ನು ಕುರಿತ ಒಂದು ವಿವೇಚನೆ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮರಣದ ಲೆಕ್ಕ, ಸರಕಾರದ ನಿರ್ಬಂಧಗಳು, ವೈದ್ಯದ ಮುನ್ನಡೆ ಇವುಗಳಿಗೆ ಪ್ರಾಧಾನ್ಯವನ್ನು ಕೊಡುತ್ತಾರೆ. ನಾಣ್ಯಗಳ ಚರಿತ್ರೆಯನ್ನು ಬರೆಯುವವರಾದರೋ ಯುದ್ಧ, ಕ್ಷಾಮ, ಬೆಳ್ಳಿಬಂಗಾರಗಳ ಬೆಲೆ ಇವುಗಳಿಂದ ಆರಂಭಿಸುತ್ತಾರೆ. ರೋಗವೊಂದು ಒಂದು ದೇಶದ ಹಣದ ಹೊರಬೆಲೆಯನ್ನು ಹೇಗೆ ಮುಟ್ಟುತ್ತದೆ, ಅದರಲ್ಲಿಯೂ ಪ್ರವಾಸಿಗಳ ವೆಚ್ಚವನ್ನೇ ನೆಚ್ಚಿದ ದೇಶದಲ್ಲಿ ಹೇಗೆ ಮುಟ್ಟುತ್ತದೆ ಎಂಬ ಪ್ರಶ್ನೆ ಈ ಎರಡು ಚರಿತ್ರೆಗಳ ನಡುವೆ ಉಳಿದುಹೋಗುತ್ತದೆ. ಪ್ರಕೃತ ಲೇಖನವು ಈ ಪ್ರಶ್ನೆಯನ್ನು ಮುಖ್ಯವಾಗಿ ನೆರೆಯ ದ್ವೀಪದ ಉದಾಹರಣೆಯಿಂದ ಪರಿಶೀಲಿಸುತ್ತದೆ. ಅದಕ್ಕೆ ಮುನ್ನ ನಮ್ಮ ನಾಡಿನ ಅನುಭವವನ್ನು ಸ್ವಲ್ಪ ನೋಡುವುದು ಉಚಿತ.

ವಿಷಯದ ಮೂಲಸೂತ್ರವು ಸರಳವಾದುದು. ಬೆಂಗಳೂರಿನ ಪಶ್ಚಿಮ ಭಾಗದ ಅನ್ನಪೂರ್ಣೇಶ್ವರಿ ನಗರದಿಂದ ಒಂದು ಕುಟುಂಬವು ನಾಲ್ಕು ದಿನದ ಮಟ್ಟಿಗೆ ಕೊಲಂಬೊ, ಕ್ಯಾಂಡಿಗಳಿಗೆ ಹೋಗಿಬರುವುದೆಂದು ಭಾವಿಸೋಣ. ಆ ಕುಟುಂಬದ ಹಣವು ಡಾಲರಾಗಿ ಪರಿವರ್ತನೆ ಹೊಂದಿ, ಕೊಲಂಬೊ ನಗರದಲ್ಲಿ ಶ್ರೀಲಂಕೆಯ ರೂಪಾಯಿಯನ್ನು ಕೊಳ್ಳುತ್ತದೆ. ಹೋಟೆಲಿನವನು ಕೊಠಡಿಯನ್ನು ಕೊಡುತ್ತಾನೆ, ದೇಶಕ್ಕೆ ಡಾಲರು ಸೇರುತ್ತದೆ. ಚಹವನ್ನು ಹಡಗಿಗೆ ತುಂಬಿದ ಹಾಗೆಯೇ ಇದೂ ಒಂದು ರಫ್ತು. ವ್ಯತ್ಯಾಸವಿಷ್ಟೆ, ಇಲ್ಲಿ ಸರಕು ನಿಂತಲ್ಲಿಯೇ ಇದ್ದು ಕೊಳ್ಳುವವನೇ ಪಯಣಿಸಿ ಬರಬೇಕು. ರೋಗದ ಭಯದಲ್ಲಿ ಮೊದಲು ನಿಲ್ಲುವುದು ಈ ಪಯಣವೇ. ಚಹವನ್ನು ಉಗ್ರಾಣದಲ್ಲಿ ಇಟ್ಟು ಮುಂದೆ ಮಾರಬಹುದು. ಖಾಲಿ ಉಳಿದ ಕೊಠಡಿಯ ಒಂದು ರಾತ್ರಿಯನ್ನು ಹಾಗೆ ಕೂಡಿಡಲಾಗದು.

ಇಷ್ಟರಿಂದ, ರೋಗ ಬಂದೊಡನೆ ನಾಣ್ಯದ ಬೆಲೆ ಇಳಿದೇ ಇಳಿಯುವುದೆಂದು ತೀರ್ಮಾನಿಸುವುದು ಅವಸರವಾದೀತು. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿತು. ದಿವಾನ್ ಶೇಷಾದ್ರಿ ಅಯ್ಯರವರ ಸರಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಪ್ರಯಾಣಿಕರ ತಪಾಸಣೆ ನಡೆಯಿತು, ಜನ ಊರು ಬಿಟ್ಟರು, ಪೇಟೆಯ ವ್ಯಾಪಾರ ಸೊರಗಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಬೆಳವಣಿಗೆಗೆ ಈ ಪಿಡುಗು ಕೊಟ್ಟ ಒತ್ತಾಸೆಯು ಎಲ್ಲರಿಗೂ ತಿಳಿದ ವಿಷಯ. ಅದಕ್ಕೂ ಮುನ್ನ, 1896ರಿಂದಲೇ, ಮುಂಬಯಿ ನಗರವು ಅದೇ ರೋಗದಿಂದ ತತ್ತರಿಸುತ್ತಿತ್ತು. 1897ರಲ್ಲಿ ಅಲ್ಲಿಂದ ಮಕ್ಕಾ ಯಾತ್ರಿಕರ ಹಡಗುಗಳನ್ನು ತಡೆಹಿಡಿಯಲಾಗಿತ್ತು. ಇಷ್ಟಾದರೂ ರೂಪಾಯಿ ಬೀಳಲಿಲ್ಲ, ಏರಿತು. 1894-95ರಲ್ಲಿ ಸುಮಾರು 13 ಪೆನ್ಸಿಗೆ ಇಳಿದಿದ್ದ ಅದರ ಬೆಲೆ 1898ರ ವೇಳೆಗೆ 16 ಪೆನ್ಸನ್ನು, ಎಂದರೆ 1 ಷಿಲ್ಲಿಂಗ್ 4 ಪೆನ್ಸನ್ನು ಮುಟ್ಟಿತ್ತು. ಕಾರಣವು ರೋಗದಲ್ಲಿರಲಿಲ್ಲ, ಟಂಕಸಾಲೆಯಲ್ಲಿತ್ತು. 1893ರಲ್ಲಿ ಭಾರತ ಸರಕಾರವು ಸಾರ್ವಜನಿಕರು ತರುವ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿದುದರಿಂದ ರೂಪಾಯಿ ದುರ್ಲಭವಾಗಿತ್ತು. ಆ ದೌರ್ಲಭ್ಯದ ಬೆಲೆಯನ್ನು ತೆತ್ತವರು ಒಳನಾಡಿನವರು. 1898ರ ಆದಿಯಲ್ಲಿ ಪ್ರೆಸಿಡೆನ್ಸಿ ಬ್ಯಾಂಕುಗಳ ಬಡ್ಡಿಯ ದರ ಶೇಕಡಾ 10ನ್ನು ದಾಟಿತ್ತು. ಸ್ವಂತ ನಾಣ್ಯವಿಲ್ಲದ ಮೈಸೂರು ಸಂಸ್ಥಾನಕ್ಕೆ ಈ ವಿಷಯದಲ್ಲಿ ಮಾತೇ ಇರಲಿಲ್ಲ.

1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗಲೂ ಹೀಗೆಯೇ ಆಯಿತು. ಹಲವು ದೇಶಗಳು ಭಾರತದ ವಿಮಾನಗಳನ್ನು ತಡೆದವು, ಪ್ರವಾಸಿಗಳು ಬರುವುದನ್ನು ಕೈಬಿಟ್ಟರು. ಆದರೆ ಡಾಲರಿಗೆ 31 ರೂಪಾಯಿ 37 ಪೈಸೆ ಎಂಬ ದರ ಕದಲಲಿಲ್ಲ. ವಿದೇಶೀ ಬಂಡವಾಳವು ಒಳಬರುತ್ತಿದ್ದ ಕಾಲವದು. 2020ರಲ್ಲಿಯೂ ಅಂತೆಯೇ. ಮಾರ್ಚಿ 10ರಂದು ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಮರಣ ಸಂಭವಿಸಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ಕರ್ಣಾಟಕ ಸರಕಾರವು ಮತ್ತೆ ಕೈಗೆತ್ತಿಕೊಂಡಿತು. ಹಂಪೆಯಲ್ಲಿ ಪ್ರವಾಸಿಗಳಿಲ್ಲ, ಮೈಸೂರಿನ ದಸರೆಯ ಜಂಬೂಸವಾರಿ ಅರಮನೆಯ ಆವರಣಕ್ಕೆ ಸೀಮಿತವಾಯಿತು. ಪ್ರವಾಸೋದ್ಯಮದಿಂದ ಭಾರತಕ್ಕೆ 2019ರಲ್ಲಿ ಬಂದಿದ್ದ ಸುಮಾರು 3,000 ಕೋಟಿ ಡಾಲರು 2020ರಲ್ಲಿ 700 ಕೋಟಿಯ ಆಸುಪಾಸಿಗೆ ಇಳಿಯಿತು. ಆದರೂ ವರ್ಷದ ಕೊನೆಗೆ ಡಾಲರಿಗೆ ಸುಮಾರು 73 ರೂಪಾಯಿ. ರಿಸರ್ವ್ ಬ್ಯಾಂಕಿನ ವಿದೇಶೀ ವಿನಿಮಯದ ಸಂಚಯವು ಕುಗ್ಗುವ ಬದಲು ಹಿಗ್ಗಿತು. ಎಣ್ಣೆಯ ಆಮದಿನ ವೆಚ್ಚ ತಗ್ಗಿದುದು, ಬಂಡವಾಳ ಹರಿದುಬಂದುದು ಇದಕ್ಕೆ ಕಾರಣ. ಎಂದರೆ, ಹಂಪೆಯ ಮಾರ್ಗದರ್ಶಿಯ ನಷ್ಟವು ರೂಪಾಯಿಯ ದರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದು ಅವನ ಮನೆಯಲ್ಲಿಯೇ ಉಳಿಯಿತು.

ಚಿಕ್ಕ ದೇಶಗಳಲ್ಲಿ ಈ ಮರೆಯಿಲ್ಲ. ಅಲ್ಲಿ ನಷ್ಟವು ನಾಣ್ಯಕ್ಕೆ ತಟ್ಟಲೇಬೇಕು. ಎಂದು, ಯಾವ ದಾರಿಯಿಂದ ತಟ್ಟಬೇಕೆಂಬುದನ್ನು ಮಾತ್ರ ಆಳುವವರು ನಿರ್ಧರಿಸಬಹುದು. ಶ್ರೀಲಂಕೆಯ ಚರಿತ್ರೆಯು ಇದನ್ನೇ ತೋರಿಸುತ್ತದೆಂದು ನನ್ನ ಅಭಿಪ್ರಾಯ.

2018ರಲ್ಲಿ ಆ ದ್ವೀಪಕ್ಕೆ 23 ಲಕ್ಷ ಪ್ರವಾಸಿಗಳು ಬಂದು ಸುಮಾರು 440 ಕೋಟಿ ಡಾಲರನ್ನು ತಂದಿದ್ದರು. 2019ರ ಏಪ್ರಿಲ್ 21ರ ಈಸ್ಟರ್ ದಿನದ ಬಾಂಬು ದಾಳಿಗಳಿಂದ ಮೊದಲ ಪೆಟ್ಟು ಬಿತ್ತು; ಆದರೂ ಆ ವರ್ಷ 360 ಕೋಟಿ ಡಾಲರು ಬಂತು, ಬಂದವರಲ್ಲಿ ಭಾರತೀಯರದೇ ಅತಿ ದೊಡ್ಡ ಪಾಲು, ಸುಮಾರು 3.55 ಲಕ್ಷ. 2020ರ ಮಾರ್ಚಿಯಲ್ಲಿ ವಿಮಾನ ನಿಲ್ದಾಣವು ಪ್ರವಾಸಿಗಳಿಗೆ ಮುಚ್ಚಿತು. 2021ರ ಜನವರಿ 21ರವರೆಗೆ ತೆರೆಯಲಿಲ್ಲ. 2020ರ ಆದಾಯ 68 ಕೋಟಿ ಡಾಲರು, 2021ರದು 51 ಕೋಟಿ.

ಇಂಥ ಕುಸಿತವಾದಾಗ ವಿನಿಮಯ ದರಕ್ಕೆ ಏನಾಗಬೇಕು? 2020ರ ಆರಂಭದಲ್ಲಿ ಡಾಲರಿಗೆ ಸುಮಾರು 182 ಶ್ರೀಲಂಕಾ ರೂಪಾಯಿ ಇತ್ತು. ವರ್ಷಾಂತ್ಯಕ್ಕೆ 187. ಆದಾಯದ ಐದರಲ್ಲಿ ನಾಲ್ಕು ಪಾಲು ಮಾಯವಾದರೂ ದರ ಹೆಚ್ಚುಕಡಮೆ ಅಲ್ಲಿಯೇ ನಿಂತಿದೆ! ಚರಿತ್ರಕಾರನು ವಿವರಿಸಬೇಕಾದುದು ಮುಂದಿನ ಪತನವನ್ನಲ್ಲ, ಈ ನಿಶ್ಚಲತೆಯನ್ನು. ಸರಕಾರವು ಮೋಟಾರು ವಾಹನ ಮೊದಲಾದವುಗಳ ಆಮದನ್ನು ನಿಷೇಧಿಸಿ ಡಾಲರಿನ ಬೇಡಿಕೆಯನ್ನು ಅದುಮಿತು. ಕೇಂದ್ರ ಬ್ಯಾಂಕು ತನ್ನ ಸಂಚಯದಿಂದ ಸಾಲಗಳನ್ನು ತೀರಿಸುತ್ತ ಹೋಯಿತು. 2019ರ ಕೊನೆಗೆ 760 ಕೋಟಿ ಡಾಲರಿದ್ದ ಆ ಸಂಚಯ 2021ರ ಕೊನೆಗೆ 310 ಕೋಟಿಗೆ ಇಳಿಯಿತು. 2021ರ ಸೆಪ್ಟೆಂಬರಿನಿಂದ ದರವನ್ನು 200-203ರ ನಡುವೆ ಬಿಗಿಹಿಡಿಯಲಾಯಿತು. 2022ರ ಜನವರಿಯಲ್ಲಿ, ಔಷಧಕ್ಕೂ ಎಣ್ಣೆಗೂ ಡಾಲರು ಸಾಲದ ಹೊತ್ತಿನಲ್ಲಿ, 50 ಕೋಟಿ ಡಾಲರಿನ ಸಾಲಪತ್ರದ ಹಣವನ್ನು ಪೂರ್ಣವಾಗಿ ಸಲ್ಲಿಸಲಾಯಿತು.

ಹಿಡಿದಿಟ್ಟ ದರವು ಮಾಡಿದ ಅತ್ಯಂತ ದೊಡ್ಡ ಹಾನಿಯನ್ನು ಹಲವರು ಲಕ್ಷಿಸಿದಂತಿಲ್ಲ. ಹೊರದೇಶಗಳಲ್ಲಿ ದುಡಿಯುವ ಶ್ರೀಲಂಕೆಯವರು, ಕೊಲ್ಲಿ ರಾಷ್ಟ್ರಗಳ ಮನೆಗೆಲಸದ ಹೆಂಗಸರೂ ಸೇರಿ, 2020ರಲ್ಲಿ ಸುಮಾರು 710 ಕೋಟಿ ಡಾಲರನ್ನು ಊರಿಗೆ ಕಳುಹಿಸಿದ್ದರು. ಪ್ರವಾಸಿಗಳು ಬಿಟ್ಟುಹೋದ ಹಳ್ಳವನ್ನು ಒಂದಿಷ್ಟಾದರೂ ತುಂಬಬಲ್ಲ ಹಣವಿದು. ಆದರೆ ಬ್ಯಾಂಕು ಡಾಲರಿಗೆ 203 ಕೊಡುವಾಗ ಹುಂಡಿಯವನು ಅದಕ್ಕಿಂತ ಬಹಳ ಹೆಚ್ಚು ಕೊಡುತ್ತಿದ್ದನು. ಹುಂಡಿಗೆ ಅಲ್ಲಿ ‘ಉಂಡಿಯಲ್’ ಎಂದು ಹೆಸರು. ತನ್ನ ಮಕ್ಕಳಿಗೆ ನಾಲ್ಕು ಕಾಸು ಹೆಚ್ಚು ತಲಪಲೆಂದು ತಾಯಿಯೊಬ್ಬಳು ಆ ದಾರಿಯನ್ನು ಹಿಡಿದರೆ ಅವಳನ್ನು ದೂರುವಂತಿಲ್ಲ. ಬ್ಯಾಂಕುಗಳ ಮೂಲಕ ಬಂದ ಹಣ 2021ರಲ್ಲಿ 550 ಕೋಟಿಗೂ, 2022ರಲ್ಲಿ 380 ಕೋಟಿಗೂ ಇಳಿಯಿತು. ರೋಗವು ಕಸಿದದ್ದು ಪ್ರವಾಸಿಗಳ ಡಾಲರನ್ನು. ರೋಗದ ಪರಿಣಾಮವನ್ನು ಮುಚ್ಚಿಡಲು ಹೂಡಿದ ದರವು ಕೂಲಿಯವರ ಡಾಲರನ್ನೂ ದೂರ ಓಡಿಸಿತು.

2022ರ ಮಾರ್ಚಿ 7ರಂದು ಕೇಂದ್ರ ಬ್ಯಾಂಕು ಹಿಡಿತವನ್ನು ಸಡಿಲಿಸಿತು. ತಿಂಗಳು ಮುಗಿಯುವಷ್ಟರಲ್ಲಿ ಡಾಲರು 300ರ ಹತ್ತಿರ, ಮೇ ತಿಂಗಳಲ್ಲಿ 360. ಕಾಗದದ ಅಭಾವದಿಂದ ಪಶ್ಚಿಮ ಪ್ರಾಂತದ ಶಾಲೆಗಳ ಪರೀಕ್ಷೆಗಳು ಮುಂದೆ ಹೋದವು. ಎಣ್ಣೆಯ ಸರದಿಯಲ್ಲಿ ನಿಂತ ವೃದ್ಧರು ಕುಸಿದು ಮೃತರಾದರು. ಏಪ್ರಿಲ್ 12ರಂದು ವಿದೇಶೀ ಸಾಲದ ಪಾವತಿಯನ್ನು ನಿಲ್ಲಿಸಿರುವುದಾಗಿ ಸರಕಾರ ಸಾರಿತು. ಸೆಪ್ಟೆಂಬರಿನ ಹೊತ್ತಿಗೆ ಕೊಲಂಬೊ ನಗರದ ಬೆಲೆಗಳು ಒಂದು ವರ್ಷದಲ್ಲಿ ಶೇಕಡಾ 70ರಷ್ಟು ಏರಿದ್ದವು.

ಈ ವಿಪತ್ತಿಗೆ ಕೋವಿಡ್ ಕಾರಣವೆಂದು ಒಂದು ಪಕ್ಷ. 2019ರ ಕೊನೆಯ ತೆರಿಗೆ ಕಡಿತ, 2021ರ ರಾಸಾಯನಿಕ ಗೊಬ್ಬರದ ನಿಷೇಧ, ಅತಿಯಾದ ಸಾಲ ಇವು ಕಾರಣವೆಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷದ ಆಧಾರಗಳು ಗಟ್ಟಿಯಾದವು. ಆದರೆ ರೋಗವನ್ನು ಕೇವಲ ನೆಪವೆನ್ನುವುದು ಸರಿಯಲ್ಲ. ಸೆಶೆಲ್ಸ್ ದ್ವೀಪಗಳನ್ನು ನೋಡಿರಿ. ಅಲ್ಲಿಗೆ 2019ರಲ್ಲಿ 3.84 ಲಕ್ಷ ಪ್ರವಾಸಿಗಳು, 2020ರಲ್ಲಿ 1.15 ಲಕ್ಷ. ದರವನ್ನು ಹಿಡಿದಿಡುವ ಗೋಜಿಗೆ ಅವರು ಹೋಗಲಿಲ್ಲ. ಡಾಲರಿಗೆ 14ರಷ್ಟಿದ್ದ ಅಲ್ಲಿಯ ರೂಪಾಯಿ ಒಂದು ವರ್ಷದೊಳಗೆ 21ರ ಆಸುಪಾಸಿಗೆ ಕುಸಿಯಿತು. ಆಮದಿನ ಅನ್ನವನ್ನೇ ಉಣ್ಣುವ ಜನಕ್ಕೆ ಅದು ಕಠಿನವಾದ ಕಾಲ. 2021ರಲ್ಲಿ ಲಸಿಕೆ ಹಾಕಿ ಬಾಗಿಲು ತೆರೆದ ಮೇಲೆ ಆ ವರ್ಷದ ಕೊನೆಗೆ ದರ ಮರಳಿ 15ರ ಸುಮಾರಿಗೆ ಬಂತು. ಮಾಲ್ಡೀವ್ಸ್ ದೇಶವು 2011ರಿಂದ ಡಾಲರಿಗೆ 15.42 ರುಫಿಯಾ ಎಂಬ ಮಿತಿಯನ್ನು ಬಿಡಲಿಲ್ಲ. ಅದು ಉಳಿದುದು ಭಾರತದ ರಿಸರ್ವ್ ಬ್ಯಾಂಕಿನೊಡನೆ ಇದ್ದ 40 ಕೋಟಿ ಡಾಲರಿನ ವಿನಿಮಯ ಒಪ್ಪಂದದಂತಹ ಆಸರೆಯಿಂದ, ಮತ್ತು 2020ರ ಜುಲೈಯಲ್ಲಿಯೇ ಗಡಿಯನ್ನು ತೆರೆದುದರಿಂದ. ಥೈಲೆಂಡಿನ ಸಂಚಯ ಅಪಾರವಾದುದರಿಂದ ಅಲ್ಲಿ ಬಾತ್ ನಾಣ್ಯವು ಅಲುಗಾಡಿತೇ ಹೊರತು ಮುರಿಯಲಿಲ್ಲ.

ದರವನ್ನು ಬೇಗ ಇಳಿಯಗೊಟ್ಟಿದ್ದರೆ ಶ್ರೀಲಂಕೆಯ ಬಡವರಿಗೆ ನೋವಿರುತ್ತಿರಲಿಲ್ಲವೆಂದು ಹೇಳಲಾಗದು. ಗೋಧಿ, ಬೇಳೆ, ಎಣ್ಣೆ ಎಲ್ಲವೂ 2020ರಲ್ಲಿಯೇ ತುಟ್ಟಿಯಾಗುತ್ತಿದ್ದವು. ಆದರೆ ಅಂದು ಬೊಕ್ಕಸದಲ್ಲಿ 760 ಕೋಟಿ ಡಾಲರಿತ್ತು, ಬಡವರಿಗೆ ಧಾನ್ಯವನ್ನು ತರಿಸಿಕೊಡುವ ಶಕ್ತಿಯಿತ್ತು. 2022ರ ಮೇ ತಿಂಗಳಲ್ಲಿ ಬಳಸಬಹುದಾದ ಸಂಚಯ 5 ಕೋಟಿ ಡಾಲರಿಗೂ ಕಡಮೆಯೆಂದು ಅಲ್ಲಿಯ ಹಣಕಾಸಿನ ಮಂತ್ರಿಯೇ ಪಾರ್ಲಿಮೆಂಟಿಗೆ ತಿಳಿಸಿದರು. ಆ ವರ್ಷ ಭಾರತವು ಸಾಲ, ವಿನಿಮಯ ಒಪ್ಪಂದಗಳ ರೂಪದಲ್ಲಿ ಸುಮಾರು 400 ಕೋಟಿ ಡಾಲರಿನ ನೆರವನ್ನು ಕೊಟ್ಟಿತು. 2023ರ ಮಾರ್ಚಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯು ಸುಮಾರು 300 ಕೋಟಿಯ ಸಾಲಕ್ಕೆ ಒಪ್ಪಿತು.

ಪ್ರವಾಸಿಗಳು ಹಿಂದಿರುಗಿದ್ದಾರೆ. 2024ರಲ್ಲಿ 20 ಲಕ್ಷಕ್ಕೆ ಮೀರಿ ಬಂದರು, ಅವರಲ್ಲಿ ಭಾರತೀಯರು 4 ಲಕ್ಷಕ್ಕೂ ಹೆಚ್ಚು. ಡಾಲರಿನ ದರವು ಆ ವರ್ಷದ ಕೊನೆಗೆ 290ರ ಆಸುಪಾಸಿನಲ್ಲಿತ್ತು.