ಅಂಗಡಿ ಮುಚ್ಚಿದ ಮೇಲೆ



1937ರ ಅಕ್ಟೋಬರ್ 1ರಂದು ರಾಜಾಜಿಯವರ ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದಿತು. 1948ರ ಹೊತ್ತಿಗೆ ಅದು ನಮ್ಮ ನೀಲಗಿರಿಯೂ ಸೇರಿ ಇಡೀ ಮದರಾಸು ಪ್ರಾಂತ್ಯಕ್ಕೆ ಹಬ್ಬಿತು. ಕಾನೂನು ಅಂಗಡಿ ಮುಚ್ಚಿಸಿತು. ಚಟಕ್ಕೆ ಸಿಕ್ಕಿದವನ ಚಿಕಿತ್ಸೆಯ ಪ್ರಶ್ನೆ ಹಾಗೆಯೇ ಉಳಿಯಿತು.

ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಮದರಾಸಿನಲ್ಲಿ ಚಿಕಿತ್ಸಾ ಸಂಸ್ಥೆ ತೆರೆದರು. 1989ರಲ್ಲಿ ಆ ಸಂಸ್ಥೆಯವರು ತಂಜಾವೂರು ಸೀಮೆಯ ಮಂಜಕ್ಕುಡಿ ಗ್ರಾಮಕ್ಕೇ ಹೋಗಿ ಶಿಬಿರ ಹೂಡಿದರು. ರೋಗಿಗೆ ಉಪಚಾರ, ಮನೆಯವರಿಗೆ ತಿಳುವಳಿಕೆ, ಊರಿನವರ ಆಸರೆ, ಮೂರೂ ಕೂಡಿದವು.

ಮಾವನಲ್ಲದಂಥ ಊರಿಗೆ ಈ ದಾರಿಯೇ ಹೊಂದುತ್ತದೆ. ಒಂದು ಎಚ್ಚರಿಕೆ: ಬಹುಕಾಲ ವಿಪರೀತ ಕುಡಿದವರು ತಟ್ಟನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಗದರಿಸಿ ಕೂಡಿಹಾಕಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಉಚಿತ ಸಹಾಯವಾಣಿ 14446.