ಕೋರ್ಟಿನಲ್ಲಿ ತಪ್ಪೊಪ್ಪಿಗೆ: ಶಿಕ್ಷೆ ಕಡಿಮೆಯಾಗುತ್ತದೆಯೇ?

"ಒಪ್ಪಿಕೊಂಡುಬಿಡಿ, ಬೇಗ ಮುಗಿಯುತ್ತದೆ" ಎಂದು ಸಲಹೆ ಕೊಡುವವರು ಕೋರ್ಟಿನ ಆವರಣದಲ್ಲಿ ಸಿಗುತ್ತಾರೆ. ಒಪ್ಪಿಕೊಂಡ ಮಾತ್ರಕ್ಕೆ ಶಿಕ್ಷೆ ಇಳಿಯಲೇಬೇಕೆಂಬ ನಿಯಮವಿಲ್ಲ. ಅಪರಾಧಿ ಎಂದು ದಾಖಲಾದ ಮೇಲೆ, ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆ ಬಿಟ್ಟು ಬೇರೆ ವಿಷಯಕ್ಕೆ ಅಪೀಲು ನಡೆಯದು.

ಶಿಕ್ಷೆ ಇಳಿಸುವ ದಾರಿ 'ಪ್ಲೀ ಬಾರ್ಗೇನಿಂಗ್'. ಇದು 2006ರ ಜುಲೈ 5ರಂದು ಜಾರಿಗೆ ಬಂತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ದೋಷಾರೋಪ ಹೊರಿಸಿದ 30 ದಿನಗಳೊಳಗೆ ಆರೋಪಿಯೇ ಅರ್ಜಿ ಹಾಕಬೇಕು. 7 ವರ್ಷ ಮೀರಿದ ಶಿಕ್ಷೆಯ ಪ್ರಕರಣಗಳಿಗೆ, ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಇದು ಅನ್ವಯಿಸದು. ನೊಂದವರಿಗೆ ಪರಿಹಾರ ಕೊಟ್ಟು ರಾಜಿಯಾದರೆ, ಕನಿಷ್ಠ ಶಿಕ್ಷೆ ನಿಗದಿಯಾಗಿರದ ಪ್ರಕರಣದಲ್ಲಿ ಮೊದಲ ಬಾರಿಯ ಅಪರಾಧಿಗೆ ಗರಿಷ್ಠ ಶಿಕ್ಷೆಯ ಆರನೇ ಒಂದು ಭಾಗ ವಿಧಿಸಬಹುದು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ; ಆರನೇ ಒಂದು ಭಾಗವೆಂದರೆ 6 ತಿಂಗಳು. ವಿಚಾರಣಾ ಕೈದಿಯಾಗಿ ಕಳೆದ ದಿನಗಳೂ ಅದರಲ್ಲಿ ವಜಾ ಆಗುತ್ತವೆ.

ಪೆರೋಲ್ ಬೇರೆ ವಿಷಯ. ಅದು ಶಿಕ್ಷೆಯಾದ ಮೇಲಿನ ತಾತ್ಕಾಲಿಕ ಬಿಡುಗಡೆ. ತಪ್ಪೊಪ್ಪಿಕೊಂಡರೆ ಸಿಗುವ ಬಹುಮಾನವಲ್ಲ. ಕರ್ನಾಟಕದಲ್ಲಿ ಪೆರೋಲ್ ಎನ್ನುವುದನ್ನು ತಮಿಳುನಾಡಿನಲ್ಲಿ 1982ರ ನಿಯಮಗಳು 'ರಜೆ' ಎನ್ನುತ್ತವೆ. ಹತ್ತಿರದವರ ಸಾವು, ತೀವ್ರ ಕಾಯಿಲೆ, ಮದುವೆಗೆ ತುರ್ತು ರಜೆ ಕೇಳಬಹುದು. ಆನೇಕಲ್ ಕೋರ್ಟಿನಲ್ಲಿ ಶಿಕ್ಷೆಯಾದ ಹೊಸೂರಿನವರಿಗೆ ಕರ್ನಾಟಕದ ನಿಯಮವೇ ಅನ್ವಯ.

ನೆನಪಿಡಿ: ಹೊಸೂರು ಕೋರ್ಟಿನ ತಮಿಳು ಅರ್ಥವಾಗದಿದ್ದರೆ, ಸಾಕ್ಷ್ಯವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಳ್ಳುವ ಹಕ್ಕಿದೆ. ಆರೋಪ ಪೂರ್ತಿ ತಿಳಿಯದೆ 'ಹೌದು' ಎನ್ನಬೇಡಿ. ವಕೀಲರಿಗೆ ದುಡ್ಡಿಲ್ಲದವರು ಕೃಷ್ಣಗಿರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.