ಕರ್ಣ ಗೆಲ್ಲುವ ಆಟ

ಮೊನ್ನೆ ರವಿವಾರ ನಮ್ಮ ಬಿಲ್ಡಿಂಗಿನ ಎಂಟನೇ ಕ್ಲಾಸಿನ ಹುಡುಗ ಮೊಬೈಲಿನಿಂದ ತಲೆಯೆತ್ತಿ ಕೇಳಿದ: "ಅಂಕಲ್, ಮಹಾಭಾರತದ ಗೇಮ್ ಮಾಡಿದ್ರೆ ಅದರಲ್ಲಿ ಕರ್ಣನನ್ನ ಗೆಲ್ಲಿಸಬಹುದಾ?"

ಹೌದು ಅಂದರೆ ವ್ಯಾಸರಿಗೆ ಮೋಸ. ಇಲ್ಲ ಅಂದರೆ ಅದು ಆಟವೇ ಅಲ್ಲ! "ಯೋಚನೆ ಮಾಡಿ ಹೇಳ್ತೀನಿ" ಅಂತ ಜಾರಿಕೊಂಡೆ.

ಹಳೆಯ ಕಾವ್ಯಗಳನ್ನು ವಿಡಿಯೋ ಗೇಮ್ ಮಾಡುವವರಿಗೆ ಈ ತಲೆನೋವು ಹೊಸದಲ್ಲ. 1985ರಲ್ಲಿ ಜಪಾನಿನ ಕೋಯಿ ಕಂಪನಿ ಚೀನಾದ 'ಮೂರು ರಾಜ್ಯಗಳ ಕಥೆ'ಯನ್ನು ಆಟ ಮಾಡಿತು. ಅದರಲ್ಲಿ ಸೋತ ದೊರೆಯ ಪಕ್ಷ ಹಿಡಿದೂ ಇಡೀ ಚೀನಾ ಗೆಲ್ಲಬಹುದು. ನಮ್ಮಲ್ಲಿ 2009ರಲ್ಲಿ ಬಾಲ ಹನುಮಂತನ ಆಟ ಪ್ಲೇಸ್ಟೇಷನ್ 2ಕ್ಕೆ ಬಂತು. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್‌ನವರು 'ರಾಜಿ' ಮಾಡಿದಾಗ ದೇವರು, ಅಸುರರು ಪುರಾಣದಿಂದ ಬಂದರು, ಆದರೆ ತಮ್ಮನನ್ನು ಹುಡುಕಿ ಹೊರಟ ನಾಯಕಿ ಹೊಸಬಳು. 2024ರಲ್ಲಿ ಲೋಕವೆಲ್ಲ ಆಡಿದ ಚೀನಾದ 'ವುಕಾಂಗ್' ಕೂಡ ಮೂಲ ಕಾದಂಬರಿ ಮುಗಿದ ಮೇಲೆ ಶುರುವಾಗುತ್ತದೆ. ಅಂದರೆ ಕಥೆಯ ಪಕ್ಕದಲ್ಲಿ ಹೊಸ ದಾರಿ ಹಾಕಿಕೊಂಡರು.

ಆದರೆ ಪುರಾಣವನ್ನು ಆಟ ಮಾಡುವ ಕೆಲಸ ನಮ್ಮಲ್ಲಿ ಕಂಪ್ಯೂಟರಿಗಿಂತ ತುಂಬಾ ಹಳೆಯದು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯ, ಕಲೆ, ಆಟಗಳಲ್ಲಿ ಮುಳುಗಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೇ ಭಾಗ 'ಕೌತುಕನಿಧಿ'ಯಲ್ಲಿ ದೇವದೇವತೆಯರ ಚಿತ್ರವಿರುವ ಇಸ್ಪೀಟಿನ ಆಟಗಳೇ ಹಲವು ಇವೆ. ಆ ಎಲೆಗಳಿಗೆ ಗಂಜೀಫಾ ಅನ್ನುತ್ತಾರೆ. ನಾವು ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವಾಗ ದಾಟುವ ಸಾವಂತವಾಡಿಯೂ ಗಂಜೀಫಾಕ್ಕೆ ಹೆಸರಾದ ಊರು. ಅಳಿದುಹೋಗಲಿದ್ದ ಆ ಕಸುಬಿಗೆ 1970ರ ದಶಕದಲ್ಲಿ ಅಲ್ಲಿನ ಅರಮನೆಯವರೇ ಮತ್ತೆ ಜೀವ ಕೊಟ್ಟರು.

ದಶಾವತಾರ ಗಂಜೀಫಾದಲ್ಲಿ 120 ಎಲೆ. ಒಂದೊಂದು ಅವತಾರಕ್ಕೆ 12: ರಾಜ, ಮಂತ್ರಿ, ಮತ್ತೆ ಒಂದರಿಂದ ಹತ್ತು. ಆಟ ಶುರು ಮಾಡುವವರು ಯಾರು? ಹಗಲಾದರೆ ರಾಮ ಕೈಗೆ ಬಂದವರು, ರಾತ್ರಿಯಾದರೆ ಕೃಷ್ಣ ಬಂದವರು. ಯಾಕೆ ಹೀಗೆ? ನನಗೆ ಹೊಳೆದದ್ದು ಇಷ್ಟು: ರಾಮ ಹುಟ್ಟಿದ್ದು ನಡುಹಗಲು, ಕೃಷ್ಣ ಹುಟ್ಟಿದ್ದು ನಡುರಾತ್ರಿ. ಎಲೆಗಳಲ್ಲಿ ಕಥೆ ಹೇಳುವ ಮಾತೇ ಇಲ್ಲ, ಆದರೂ ಕಥೆ ಹೋಗಿ ನಿಯಮದೊಳಗೆ ಕೂತಿದೆ!

ನಮ್ಮ ಪಂಪನನ್ನೇ ನೋಡಿ. ಹತ್ತನೇ ಶತಮಾನದಲ್ಲಿ ಭಾರತವನ್ನು ಕನ್ನಡಕ್ಕೆ ತರುವಾಗ ಎಷ್ಟೊಂದು ಬದಲಿಸಿದ! ದ್ರೌಪದಿಗೆ ಅರ್ಜುನನೊಬ್ಬನೇ ಗಂಡ. ಕೊನೆಗೆ ಪಟ್ಟ ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಕರ್ಣನ ಮೇಲೆ ಅಷ್ಟು ಪ್ರೀತಿಯಿದ್ದರೂ ಅವನನ್ನು ಮಾತ್ರ ಗೆಲ್ಲಿಸಲಿಲ್ಲ. ಸೋಲು ತೆಗೆದರೆ ಕರ್ಣನೇ ಉಳಿಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು ಅನ್ನಿ.

ನಿನ್ನೆ ಸಂಜೆ ಹುಡುಗ ಮತ್ತೆ ಸಿಕ್ಕಿದ. ಹೇಳಿದೆ: "ನಿನ್ನ ಗೇಮಿನಲ್ಲಿ ಕರ್ಣನಿಗೆ ಎಲ್ಲರಿಗಿಂತ ದೊಡ್ಡ ಅಸ್ತ್ರ ಕೊಡು. ಕೇಳಿದವರಿಗೆ ದಾನ ಕೊಟ್ಟಷ್ಟೂ ಪಾಯಿಂಟ್, ಕೊಟ್ಟಷ್ಟೂ ರಕ್ಷಣೆ ಕಡಿಮೆ. ಕೊನೆಯ ದಿನ ಪರಶುರಾಮರ ಶಾಪ: ಬಟನ್ ಒತ್ತಿದರೂ ಅಸ್ತ್ರ ಬರಬಾರದು."

"ಗೇಮ್ ಕೆಟ್ಟಿದೆ ಅಂತ ಬೈತಾರೆ, ಅಂಕಲ್" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕವಚ ಕೇಳಿದಾಗ ಕೊಡದೇ ಇದ್ರೆ?"

"ಕೊಡದೇ ಆಡಬಹುದು. ಬಹುಶಃ ಗೆಲ್ಲಲೂಬಹುದು. ಆದರೆ ಆಗ ನೀನು ಆಡಿದ್ದು ಕರ್ಣನ ಆಟ ಆಗೋದಿಲ್ಲ, ಅಷ್ಟೇ."

ಮೊಬೈಲ್ ಕಿಸೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಅರ್ಧ ಹತ್ತಿ ನಿಂತು ಕೇಳಿದ: "ಅಂಕಲ್, ಆ ಕವಚ ಕೇಳಿದ್ದು ಯಾರು?"

ಇನ್ನೇನು, ರಾತ್ರಿ ಊಟ ತಡವಾಯಿತು!